ಅದೇ ಫಲಿತಾಂಶ ಮತ್ತೆ ಬರಬೇಕಾದರೆ: ಗಣಕ ಪ್ರಯೋಗಗಳಿಗೆ ಯಾವ ತಂತ್ರಾಂಶ ಆರಿಸಿಕೊಳ್ಳಬೇಕು?

ಬಳ್ಳಾರಿಯ ಎಂ.ಟೆಕ್ ವಿದ್ಯಾರ್ಥಿಗಳು, ರಾಯಚೂರಿನ ಕೃಷಿ ಸಂಶೋಧಕರು, ತುಂಗಭದ್ರಾ ಜಲಾಶಯದ ಒಳಹರಿವನ್ನು ಮುಂದಾಗಿ ಅಂದಾಜಿಸಲು ಮಾದರಿ ಕಟ್ಟುತ್ತಿರುವ ಕೊಪ್ಪಳದ ಕಡೆಯವರು ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಡಿವಿಸಿ ಹಾಕಿಕೊಳ್ಳಬೇಕೋ, ಎಂಎಲ್‌ಫ್ಲೋ ಸಾಕೋ, ಡಾಕರ್ ಕಲಿಯದೆ ಗತಿಯಿಲ್ಲವೋ? ಪ್ರಶ್ನೆಯನ್ನು ಹೀಗೆ ಇಟ್ಟರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಈ ಮೂರೂ ಒಂದೇ ಕೆಲಸಕ್ಕೆ ಪೈಪೋಟಿ ನಡೆಸುವ ತಂತ್ರಾಂಶಗಳಲ್ಲ: ಡಿವಿಸಿ ದತ್ತಾಂಶದ ಆವೃತ್ತಿಗಳನ್ನು, ಎಂಎಲ್‌ಫ್ಲೋ ಓಟಗಳ ದಾಖಲೆಯನ್ನು, ಡಾಕರ್ ಕೋಡ್ ಓಡುವ ಪರಿಸರವನ್ನು ಉಳಿಸುತ್ತದೆ. ಗಣಕದಲ್ಲಿ ಮಾಡಿದ ಯಾವ ಪ್ರಯೋಗದ ಫಲಿತಾಂಶವೂ ಐದು ಸಂಗತಿಗಳನ್ನು ನೆಚ್ಚಿಕೊಂಡಿರುತ್ತದೆ: ಬರೆದ ಕೋಡ್, ಕೊಟ್ಟ ದತ್ತಾಂಶ, ಕೋಡ್ ಓಡುವ ಪರಿಸರ ಅಂದರೆ ಭಾಷೆ ಮತ್ತು ಲೈಬ್ರರಿಗಳ ಆವೃತ್ತಿಗಳು, ಹಂತಗಳ ಅನುಕ್ರಮ, ಮತ್ತು ಪ್ರತಿ ಓಟಕ್ಕೆ ಕೊಟ್ಟ ನಿಯತಾಂಕಗಳು ಹಾಗೂ ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ಆರಂಭಿಸುವ ಸಂಖ್ಯೆಯಾದ ರ‍್ಯಾಂಡಮ್ ಸೀಡ್. ಒಂದೊಂದು ತಂತ್ರಾಂಶ ಇವುಗಳಲ್ಲಿ ಒಂದನ್ನೋ ಎರಡನ್ನೋ ಹಿಡಿದಿಡುತ್ತದೆ. ನಿಮ್ಮ ಕೆಲಸದಲ್ಲಿ ಯಾವುದು ಹೆಚ್ಚು ಕದಲುತ್ತದೆಯೋ ಅದನ್ನು ಹಿಡಿಯುವ ತಂತ್ರಾಂಶ ಮೊದಲು ಬರಬೇಕು. ಉಳಿದವು ಆಮೇಲೆ ಬರಬಹುದು, ಬಾರದೆಯೂ ಇರಬಹುದು.

ಇದು ನಮ್ಮ ಭಾಗದವರ ತೊಂದರೆ ಮಾತ್ರವಲ್ಲ. ‘ನೇಚರ್’ ಪತ್ರಿಕೆ 2016ರಲ್ಲಿ 1,576 ಸಂಶೋಧಕರನ್ನು ಕೇಳಿದಾಗ ಶೇ. 70ಕ್ಕೂ ಹೆಚ್ಚು ಮಂದಿ ಬೇರೊಬ್ಬರ ಪ್ರಯೋಗವನ್ನು ಮರಳಿ ಮಾಡಲು ಹೋಗಿ ಸೋತಿದ್ದೇವೆ ಎಂದಿದ್ದರು. ತಾವೇ ಮಾಡಿದ ಪ್ರಯೋಗ ಮರಳಿ ಬಾರದವರೂ ಅರ್ಧಕ್ಕಿಂತ ಹೆಚ್ಚಿದ್ದರು. ಗಣಕದಲ್ಲಿ ಮಾಡಿದ್ದು ಹೇಗೂ ಮತ್ತೆ ಬಂದೇ ಬರುತ್ತದೆ ಎಂಬ ಭರವಸೆಯೂ ಗಟ್ಟಿಯಾದದ್ದಲ್ಲ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿದ್ದ ಸುಮಾರು 14 ಲಕ್ಷ ಜುಪಿಟರ್ ನೋಟ್‌ಬುಕ್‌ಗಳನ್ನು (ಕೋಡ್ ಮತ್ತು ಅದರ ಫಲಿತಾಂಶ ಒಟ್ಟಿಗಿರುವ ಫೈಲ್‌ಗಳು) ಕಲೆಹಾಕಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮತ್ತೆ ಓಡಿಸಿ ನೋಡಿದವುಗಳ ಪೈಕಿ ದೋಷವಿಲ್ಲದೆ ಕೊನೆಮುಟ್ಟಿದವು ಶೇ. 24ರಷ್ಟು, ಮೊದಲಿನ ಫಲಿತಾಂಶವನ್ನೇ ಕೊಟ್ಟವು ಶೇ. 4ರಷ್ಟು ಮಾತ್ರ.

ಅಳತೆಗೋಲುಗಳು

ತಂತ್ರಾಂಶಗಳ ಹೋಲಿಕೆಪಟ್ಟಿಗಳು ಸಾಮಾನ್ಯವಾಗಿ ಸೌಲಭ್ಯಗಳನ್ನು ಎಣಿಸುತ್ತವೆ. ನಾನು ನಮ್ಮ ಪ್ರಯೋಗಾಲಯಗಳ ಪರಿಸ್ಥಿತಿಯಿಂದಲೇ ಅಳತೆಗಳನ್ನು ತೆಗೆದುಕೊಳ್ಳುತ್ತೇನೆ. ಇಂಟರ್ನೆಟ್ ಇಲ್ಲದ ದಿನವೂ ಕೆಲಸ ನಡೆಯಬೇಕು. ಊರಿನಲ್ಲಿ ಸಂಪರ್ಕ ಚೆನ್ನಾಗಿದ್ದರೂ ಕ್ಷೇತ್ರ ಕೇಂದ್ರದಲ್ಲಿ ಇರುವುದಿಲ್ಲ. ನಡುವೆ ಕರೆಂಟ್ ಹೋದರೆ ಓಟವನ್ನು ಎಲ್ಲಿಂದ ಮುಂದುವರಿಸಬಹುದು ಎಂಬುದು ಎರಡನೆಯದು. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಯುಪಿಎಸ್ ಮೇಲೆ ಬಹಳ ಹೊತ್ತು ಭರವಸೆ ಇಡಲಾಗದು. ಮೂರನೆಯದು, ಲ್ಯಾಬಿನ ವಿಂಡೋಸ್ ಡೆಸ್ಕ್‌ಟಾಪ್ ಮೇಲೆ ಅದು ನೇರವಾಗಿ ಓಡುತ್ತದೆಯೇ ಎಂಬುದು. ಹಣ ನಾಲ್ಕನೆಯದು, ಮತ್ತು ಇಲ್ಲಿ ಹಣವೆಂದರೆ ಪರವಾನಗಿ ಶುಲ್ಕಕ್ಕಿಂತ ಹೆಚ್ಚಾಗಿ ಹಾರ್ಡ್ ಡಿಸ್ಕ್‌ನ ಜಾಗ. ಕಲಿಯಲು ಬೇಕಾಗುವ ಹೊತ್ತು ಐದನೆಯದು. ಸಸ್ಯರೋಗಶಾಸ್ತ್ರದ ವಿದ್ಯಾರ್ಥಿಯಿಂದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯ ತಾಳ್ಮೆಯನ್ನು ನಿರೀಕ್ಷಿಸುವುದು ಸರಿಯಲ್ಲ.

ಆರನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ನನ್ನ ಮಟ್ಟಿಗೆ ಅದೇ ಮುಖ್ಯ: ವಿದ್ಯಾರ್ಥಿ ಥೀಸಿಸ್ ಸಲ್ಲಿಸಿ ಹೋದ ಮೇಲೆ, ಅಥವಾ ಆ ತಂತ್ರಾಂಶವನ್ನು ಅದರ ತಯಾರಕರೇ ಕೈಬಿಟ್ಟ ಮೇಲೆ, ಏನು ಉಳಿಯುತ್ತದೆ? ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದಾದ ಪಠ್ಯ ಉಳಿದರೆ ಮುಂದಿನವರು ಹೇಗೋ ದಾರಿ ಹುಡುಕಿಕೊಳ್ಳುತ್ತಾರೆ. ಯಾವುದೋ ಸರ್ವರ್‌ನಲ್ಲಿ ಪಾಸ್‌ವರ್ಡ್ ಮರೆತ ಖಾತೆ ಮಾತ್ರ ಉಳಿದರೆ ಗೈಡ್ ಹೊಸ ವಿದ್ಯಾರ್ಥಿಗೆ ‘ಮೊದಲಿಂದ ಮಾಡಪ್ಪಾ’ ಎನ್ನುವುದು ಬಿಟ್ಟು ಬೇರೆ ದಾರಿಯಿಲ್ಲ.

ಕೋಡ್‌ನ ಮಟ್ಟಿಗೆ ಹೋಲಿಕೆಯ ಅಗತ್ಯವೇ ಇಲ್ಲ. ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ, 2005ರಿಂದ ಬಳಕೆಯಲ್ಲಿರುವ ಗಿಟ್ ಉಚಿತ, ಇಂಟರ್ನೆಟ್ ಇಲ್ಲದೆ ಓಡುತ್ತದೆ, ವಿಂಡೋಸ್ ಮೇಲೂ ಸರಾಗ. ಮುಂದೆ ಹೇಳುವ ಹೆಚ್ಚಿನ ತಂತ್ರಾಂಶಗಳ ಪೂರ್ಣ ಪ್ರಯೋಜನ ಸಿಗುವುದು ಕೋಡ್ ಗಿಟ್‌ನಲ್ಲಿದ್ದಾಗಲೇ. ‘ಫೈನಲ್’, ‘ಫೈನಲ್-2’, ‘ಫೈನಲ್-ಸರ್-ಹೇಳಿದ್ದು’ ಎಂಬ ಹೆಸರಿನ ಫೋಲ್ಡರ್‌ಗಳಿರುವವರು ಗಿಟ್‌ನಿಂದಲೇ ಆರಂಭಿಸಬೇಕು, ಬೇರೆ ಯಾವುದನ್ನೂ ಆಮೇಲೆ ನೋಡಬೇಕು.

ಪರಿಸರವನ್ನು ಹಿಡಿದಿಡುವವು

ಪೈಥಾನ್‌ನ ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಧಾರ ವೃಕ್ಷಗಳನ್ನು ಸೇರಿಸಿ ಊಹಿಸುವ ವಿಧಾನ) ಬಳಸಿದವರು ಬಹಳ ಮಂದಿ ಇದ್ದಾರೆ. ಅದರ 0.22 ಆವೃತ್ತಿಯಿಂದ, ನಾವು ಸಂಖ್ಯೆ ಕೊಡದಿದ್ದಾಗ ಅದು ತಾನಾಗಿ ಬೆಳೆಸುವ ಮರಗಳ ಸಂಖ್ಯೆ 10ರಿಂದ 100ಕ್ಕೆ ಏರಿತು. ಕೋಡ್‌ನ ಒಂದಕ್ಷರವೂ ಬದಲಾಗದೆ, ಸೀಡ್ ಕೂಡ ಅದೇ ಇದ್ದು, ಹಳೆಯ ಲ್ಯಾಪ್‌ಟಾಪ್‌ನಲ್ಲೊಂದು ನಿಖರತೆ, ಹೊಸದರಲ್ಲಿ ಇನ್ನೊಂದು. ‘ಆರ್’ ಬಳಸುವವರೂ ತಪ್ಪಿಸಿಕೊಂಡಿಲ್ಲ: 2019ರಲ್ಲಿ ಬಂದ ಆರ್ 3.6.0 ಆವೃತ್ತಿಯಲ್ಲಿ ‘ಸ್ಯಾಂಪಲ್’ ಫಂಕ್ಷನ್ ಸಂಖ್ಯೆಗಳನ್ನು ಆರಿಸುವ ವಿಧಾನವೇ ಬದಲಾಯಿತು, ಹಾಗಾಗಿ ಒಂದೇ ‘ಸೆಟ್ ಸೀಡ್’ ಕೊಟ್ಟರೂ ಹಿಂದಿನ ಆವೃತ್ತಿಯಲ್ಲಿ ಬಂದ ಮಾದರಿ ಹೊಸದರಲ್ಲಿ ಬರುವುದಿಲ್ಲ. ಕ್ಷೇತ್ರ ಪ್ರಯೋಗದ ಪ್ಲಾಟ್‌ಗಳಿಗೆ ಉಪಚಾರಗಳನ್ನು ಯಾದೃಚ್ಛಿಕವಾಗಿ ಹಂಚಿದ್ದು ಆರ್‌ನಲ್ಲಾದರೆ ಈ ಸಂಗತಿ ಚಿಕ್ಕದಲ್ಲ.

ಇದನ್ನು ತಡೆಯುವ ಅತ್ಯಂತ ಅಗ್ಗದ ದಾರಿ ಪೈಥಾನ್‌ನಲ್ಲಿ ‘ಪಿಪ್ ಫ್ರೀಜ್’ನಿಂದ ಬರುವ ಲೈಬ್ರರಿ ಆವೃತ್ತಿಗಳ ಪಟ್ಟಿ, ಆರ್‌ನಲ್ಲಿ ‘ಆರ್‌ಎನ್ವ್’ ಎಂಬ ಪ್ಯಾಕೇಜ್ ಬರೆದಿಡುವ ಲಾಕ್ ಫೈಲ್. ಎರಡೂ ಸಾದಾ ಪಠ್ಯ, ಕಲಿಯಲು ಅರ್ಧ ದಿನ ಹೆಚ್ಚಾಯಿತು. ಆರ್‌ಎನ್ವ್ ಯಾವ ಆರ್ ಆವೃತ್ತಿ ಬಳಸಿದಿರೆಂದು ಬರೆದುಕೊಳ್ಳುತ್ತದೆಯೇ ಹೊರತು ಆ ಆವೃತ್ತಿಯನ್ನು ತಾನೇ ತಂದು ಹಾಕುವುದಿಲ್ಲ, ಮೇಲಿನ 3.6.0ರ ಉದಾಹರಣೆಯನ್ನು ನೆನೆದರೆ, ಆ ಇನ್‌ಸ್ಟಾಲರ್ ಫೈಲನ್ನೂ ಪೆನ್‌ಡ್ರೈವ್‌ನಲ್ಲಿ ಉಳಿಸಿಕೊಳ್ಳುವುದು ಏಕೆಂದು ತಿಳಿಯುತ್ತದೆ.

ಪ್ಯಾಕೇಜ್‌ಗಳನ್ನು ಹಾಕಿಕೊಡುವ ಕಾಂಡಾ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಪೈಥಾನ್ ಆವೃತ್ತಿಯನ್ನೂ, ನಕ್ಷೆ, ಉಪಗ್ರಹ ಚಿತ್ರಗಳನ್ನು ಓದುವ ಜಿಡಿಎಎಲ್‌ನಂತಹ ಪೈಥಾನ್ ಅಲ್ಲದ ಲೈಬ್ರರಿಗಳನ್ನೂ ತರುತ್ತದೆ. ಉಪಗ್ರಹ ಚಿತ್ರಗಳಿಂದ ಬೆಳೆ ವಿಸ್ತೀರ್ಣ ಲೆಕ್ಕ ಹಾಕುವವರು ಕಾಂಡಾವನ್ನೇ ಹಿಡಿಯುವುದು ಒಳ್ಳೆಯದು. ಜಿಡಿಎಎಲ್ ಅನ್ನು ಪಿಪ್‌ನಿಂದ ವಿಂಡೋಸ್‌ಗೆ ಹಾಕಲು ಹೊರಟವರಿಗೆ ತಲೆಬಿಸಿಯಾಗುವುದು ಹೊಸದೇನಲ್ಲ. ಆದರೆ ‘ಕಾಂಡಾ ಎನ್ವ್ ಎಕ್ಸ್‌ಪೋರ್ಟ್’ ಎಂದು ಸುಮ್ಮನೆ ಕೊಟ್ಟರೆ ಬರುವ ಪಟ್ಟಿಯಲ್ಲಿ ನಿಮ್ಮ ಆಪರೇಟಿಂಗ್ ಸಿಸ್ಟಂಗೆ ಮಾತ್ರ ಒಪ್ಪುವ ಬಿಲ್ಡ್ ಹೆಸರುಗಳೂ ಸೇರಿರುತ್ತವೆ. ಲಿನಕ್ಸ್‌ನಲ್ಲಿ ತೆಗೆದ ಪಟ್ಟಿ ವಿಂಡೋಸ್‌ನಲ್ಲಿ ಕೂರುವುದಿಲ್ಲ. ಕಾಂಡಾ ತಯಾರಿಸಿದ ಅನಕೊಂಡ ಕಂಪನಿಯ ಮೂಲ ಚಾನೆಲ್‌ಗೆ (ಪ್ಯಾಕೇಜ್‌ಗಳ ಭಂಡಾರ) ದೊಡ್ಡ ಸಂಸ್ಥೆಗಳ ಮಟ್ಟಿಗೆ ಶುಲ್ಕದ ನಿಬಂಧನೆಗಳಿರುವುದರಿಂದ, ಮಿನಿಫೋರ್ಜ್ ಎಂಬ ಕಾಂಡಾ ಇನ್‌ಸ್ಟಾಲರ್ ಹಾಕಿಕೊಂಡು ಕಾಂಡಾ-ಫೋರ್ಜ್ ಚಾನೆಲ್‌ನಿಂದ ಪ್ಯಾಕೇಜ್ ತೆಗೆದುಕೊಳ್ಳುವುದು ನಿಶ್ಚಿಂತೆಯ ದಾರಿ.

2013ರಲ್ಲಿ ಬಂದ ಡಾಕರ್ ಆಪರೇಟಿಂಗ್ ಸಿಸ್ಟಂನ ಮೇಲ್ಪದರವನ್ನೂ ಸೇರಿಸಿ ಇಡೀ ಪರಿಸರವನ್ನು ಒಂದು ಇಮೇಜ್ ಆಗಿ ಕಟ್ಟಿಡುತ್ತದೆ. ಅದರ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ, ಆದರೆ ಮೊದಲ ದಿನವೇ ಡಾಕರ್‌ಗೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ. ಜಿಪಿಯು ಬಳಸುವ ಆಳಕಲಿಕೆ (ಡೀಪ್ ಲರ್ನಿಂಗ್) ಲೈಬ್ರರಿ ಪೈಟಾರ್ಚ್‌ನ ಇಮೇಜ್ ಎಂದರೆ ಹಲವು ಜಿಬಿಗಳ ಡೌನ್‌ಲೋಡ್. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಅದು ಒಂದು ಹಗಲಿನ ಕೆಲಸ. ಇದಕ್ಕಿಂತ ದೊಡ್ಡ ತೊಡಕೆಂದರೆ, ಇಮೇಜ್ ಕಟ್ಟುವ ಸೂಚನೆಗಳ ಪಟ್ಟಿಯಾದ ಡಾಕರ್‌ಫೈಲ್ ಇದ್ದರೆ ಸಾಕು ಎಂಬ ನಂಬಿಕೆ. ಡಾಕರ್‌ಫೈಲ್‌ನಲ್ಲಿ ಆವೃತ್ತಿ ಹೇಳದೆ ಪ್ಯಾಕೇಜ್ ಹಾಕುವ ಸಾಲಿದ್ದರೆ, ಅಥವಾ ಮೂಲ ಇಮೇಜ್‌ಗೆ ‘ಲೇಟೆಸ್ಟ್’ ಎಂಬ ಹಣೆಪಟ್ಟಿ ಇದ್ದರೆ, ಇವತ್ತು ಕಟ್ಟಿದ ಇಮೇಜ್ ಮುಂದಿನ ವರ್ಷ ಕಟ್ಟಿದ್ದರಂತೆ ಇರುವುದಿಲ್ಲ. ಉಳಿಸಬೇಕಾದದ್ದು ಕಟ್ಟಿ ಮುಗಿದ ಇಮೇಜನ್ನು. ‘ಡಾಕರ್ ಸೇವ್’ ಆಜ್ಞೆಯಿಂದ ಅದನ್ನು ಒಂದು ಟಾರ್ ಫೈಲ್ ಮಾಡಿ ಹಾರ್ಡ್ ಡಿಸ್ಕ್‌ಗೆ ಹಾಕಬಹುದು. ಲಿನಕ್ಸ್‌ನಲ್ಲಿ ಡಾಕರ್ ಎಂಜಿನ್ ಉಚಿತ. ವಿಂಡೋಸ್‌ನ ಡಾಕರ್ ಡೆಸ್ಕ್‌ಟಾಪ್‌ಗೆ ದೊಡ್ಡ ಕಂಪನಿಗಳು ಹಣ ಕೊಡಬೇಕು, ವಿದ್ಯಾರ್ಥಿಗಳಿಗೆ ಆ ಹೊರೆಯಿಲ್ಲ. ಮುಂದೆ ಯಾವುದಾದರೂ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ಓಡಿಸುವ ಯೋಚನೆ ಇದ್ದರೆ ಆಪ್‌ಟೇನರ್ ಕಡೆ ನೋಡಿ. ಮೊದಲು ಸಿಂಗುಲಾರಿಟಿ ಎಂಬ ಹೆಸರಿನಲ್ಲಿದ್ದ ಇದು ರೂಟ್ (ಯಂತ್ರದ ಸಂಪೂರ್ಣ ನಿರ್ವಹಣೆಯ) ಅಧಿಕಾರವಿಲ್ಲದೆ ಓಡುತ್ತದೆ, ಡಾಕರ್ ಇಮೇಜ್‌ಗಳನ್ನೂ ಓದಿಕೊಳ್ಳುತ್ತದೆ. ಹಲವರು ಹಂಚಿಕೊಂಡು ಬಳಸುವ ಯಂತ್ರಗಳಲ್ಲಿ ಡಾಕರ್‌ಗೆ ಸಾಮಾನ್ಯವಾಗಿ ಅನುಮತಿ ಕೊಡದಿರುವುದು ಈ ರೂಟ್ ಅಧಿಕಾರದ ಕಾರಣಕ್ಕೇ.

ದತ್ತಾಂಶ: ನಮ್ಮಲ್ಲಿ ಹೆಚ್ಚು ಕದಲುವುದು ಇದೇ

ತುಂಗಭದ್ರಾ ಜಲಾಶಯದ ಸಿಎಸ್‌ವಿ (ಕೋಷ್ಟಕವನ್ನು ಸಾದಾ ಪಠ್ಯವಾಗಿಡುವ) ಫೈಲೊಂದನ್ನು ತೆಗೆದುಕೊಳ್ಳೋಣ. ದಿನಾಂಕ, ಮಟ್ಟ, ಒಳಹರಿವು, ಹೊರಹರಿವು, ಮತ್ತು ‘ಶೇಕಡಾ ಎಷ್ಟು ತುಂಬಿದೆ’ ಎಂಬ ಐದು ಕಾಲಂಗಳು. ಇಡೀ ಫೈಲ್ ಕೆಲವೇ ಎಂಬಿ. ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿಎಂಸಿ. ಕೊನೆಯ ಕಾಲಂ ಯಾವ ಸಾಮರ್ಥ್ಯದ ಮೇಲೆ ಲೆಕ್ಕ ಹಾಕಿದ್ದು ಎಂಬುದು ಫೈಲ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ, ಹಳೆಯ ವರ್ಷಗಳಿಗೆ ಒಂದು ಸಂಖ್ಯೆ, ಹೊಸ ವರ್ಷಗಳಿಗೆ ಇನ್ನೊಂದು ಸಂಖ್ಯೆ ಬಳಸಿದ ಸಾಲುಗಳು ಬೆರೆತಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಇನ್ನು 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ಮೇಲಿನ ದಿನಗಳ ಹೊರಹರಿವನ್ನು ಮಾದರಿಯ ತರಬೇತಿಗೆ ಸೇರಿಸಿದಿರೋ, ಬಿಟ್ಟಿರೋ? ಎರಡಕ್ಕೂ ವಾದವಿದೆ, ಆದರೆ ಯಾವುದನ್ನು ಮಾಡಿದಿರೆಂದು ದಾಖಲಾಗದಿದ್ದರೆ ಫಲಿತಾಂಶ ಮತ್ತೆ ಬಾರದು. ಇದರ ಮೇಲೆ ಯಾರೋ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆಂದುಕೊಳ್ಳಿ: 05-08 ಎಂಬುದು ಆಗಸ್ಟ್ 5 ಆಗಿದ್ದದ್ದು ಸದ್ದಿಲ್ಲದೆ ಮೇ 8 ಆಗಿಬಿಡಬಹುದು.

ಇಷ್ಟು ಸಣ್ಣ ಫೈಲ್‌ಗೆ ಪ್ರತ್ಯೇಕ ತಂತ್ರಾಂಶ ಬೇಡ. ಮೂಲ ಫೈಲನ್ನು ಮುಟ್ಟದೆ ಗಿಟ್‌ನಲ್ಲೇ ಇಟ್ಟು, ಮೇಲೆ ಹೇಳಿದ ತಿದ್ದುಪಡಿಗಳನ್ನೆಲ್ಲ ಕೋಡ್‌ನಲ್ಲಿ ಮಾಡಿದರೆ ಯಾವ ಸಾಲು ಯಾವಾಗ ಬದಲಾಯಿತೆಂದು ಗಿಟ್ ಹೇಳುತ್ತದೆ. ಐದು ಕಾಲಂನ ಸಿಎಸ್‌ವಿಗೆ ಡಿವಿಸಿ, ಡಾಕರ್, ಸರ್ವರ್ ಎಲ್ಲ ಕಟ್ಟುವುದು ಗುಡ್ಡ ಅಗೆದು ಇಲಿ ಹಿಡಿದಂತೆ.

ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳಲ್ಲಿ ಮೊಬೈಲ್‌ನಿಂದ ತೆಗೆದ ಭತ್ತದ ಎಲೆಗಳ ಚಿತ್ರಗಳ ಮಾತೇ ಬೇರೆ. ಹತ್ತಾರು ಜಿಬಿ ಇರುತ್ತದೆ, ಪ್ರತಿ ಹಂಗಾಮಿಗೆ ಬೆಳೆಯುತ್ತದೆ, ಬೆಂಕಿರೋಗ ಎಂದು ಗುರುತಿಸಿದ್ದನ್ನು ರೋಗಶಾಸ್ತ್ರಜ್ಞರು ಆಮೇಲೆ ಕಂದುಚುಕ್ಕೆ ಎಂದು ತಿದ್ದುತ್ತಾರೆ. ಗಿಟ್ ಇದನ್ನು ಹೊರಲಾರದು, ಗಿಟ್‌ಹಬ್ ಅಂತೂ 100 ಎಂಬಿ ಮೀರಿದ ಫೈಲನ್ನು ಒಪ್ಪುವುದೇ ಇಲ್ಲ. ಡಿವಿಸಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಚಿತ್ರಗಳ ಫೋಲ್ಡರನ್ನು ಅದಕ್ಕೆ ಒಪ್ಪಿಸಿದರೆ ಅದರ ಬದಲಿಗೆ ನಾಲ್ಕೈದು ಸಾಲಿನ ಒಂದು ಪಠ್ಯ ಫೈಲ್ ಹುಟ್ಟುತ್ತದೆ. ಒಳಗಿರುವುದು ಒಳಗಿನ ದತ್ತಾಂಶದಿಂದ ಲೆಕ್ಕ ಹಾಕಿದ, 32 ಅಕ್ಷರಗಳ ಒಂದು ಎಂಡಿ5 ಗುರುತು, ಒಟ್ಟು ಗಾತ್ರ, ಫೈಲ್‌ಗಳ ಸಂಖ್ಯೆ. ಗಿಟ್‌ಗೆ ಹೋಗುವುದು ಈ ಚೀಟಿ ಮಾತ್ರ, ಚಿತ್ರಗಳು ಬೇರೆ ಕಡೆ. ಆ ಬೇರೆ ಕಡೆ ಅಮೆಜಾನ್‌ನ ಸರ್ವರೇ ಆಗಬೇಕಿಲ್ಲ, ಲ್ಯಾಬಿನ ಇನ್ನೊಂದು ಯಂತ್ರವಾಗಬಹುದು, ಕೆಲವು ಸಾವಿರ ರೂಪಾಯಿಗೆ ಸಿಗುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಆದರೂ ಸಾಕು. ಇಂಟರ್ನೆಟ್‌ನ ಹಂಗಿಲ್ಲದ ಈ ಗುಣಕ್ಕಾಗಿಯೇ ಡಿವಿಸಿಯನ್ನು ನಮ್ಮ ಕಡೆಗೆ ನಾನು ಶಿಫಾರಸು ಮಾಡುವುದು.

ಡಿಸ್ಕ್‌ನ ಲೆಕ್ಕವನ್ನು ಮಾತ್ರ ಮೊದಲೇ ಹಾಕಿಕೊಳ್ಳಬೇಕು. ಡಿವಿಸಿ ತನ್ನ ಕ್ಯಾಷ್‌ನಲ್ಲಿ ಒಂದು ಪ್ರತಿ ಇಟ್ಟುಕೊಂಡು ಕೆಲಸದ ಫೋಲ್ಡರ್‌ಗೆ ಇನ್ನೊಂದನ್ನು ಕೊಡುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಾಗಲಿ ಲಿನಕ್ಸ್‌ನ ಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಾಗಲಿ, ಸೆಟ್ಟಿಂಗ್ ಬದಲಿಸದಿದ್ದರೆ, ಇವು ಎರಡೂ ನಿಜವಾದ ಪ್ರತಿಗಳೇ ಆಗಿ 40 ಜಿಬಿಯ ಚಿತ್ರಗಳು 80 ಜಿಬಿ ತಿನ್ನುತ್ತವೆ. ಕ್ಯಾಷ್‌ನ ಬಗೆಯನ್ನು ಹಾರ್ಡ್‌ಲಿಂಕ್ ಅಥವಾ ಸಿಮ್‌ಲಿಂಕ್ (ಇನ್ನೊಂದು ಪ್ರತಿ ಮಾಡದೆ ಅದೇ ಫೈಲ್‌ಗೆ ಕೊಂಡಿ) ಎಂದು ಬದಲಿಸಿದರೆ ಜಾಗ ಉಳಿಯುತ್ತದೆ, ಆದರೆ ಆಗ ಫೋಲ್ಡರ್‌ನೊಳಗಿನ ಚಿತ್ರವನ್ನು ನೇರವಾಗಿ ತಿದ್ದಬಾರದು. ಇನ್ನೊಂದು ಸಂಗತಿ: ಡಿವಿಸಿ ಹೋಲಿಸುವುದು ಇಡೀ ಫೈಲನ್ನು. ಹತ್ತು ಸಾವಿರ ಚಿತ್ರಗಳಿಗೆ ಇನ್ನೂರು ಸೇರಿಸಿದರೆ ಆ ಇನ್ನೂರನ್ನಷ್ಟೇ ಹೊಸದಾಗಿ ಇಟ್ಟುಕೊಳ್ಳುತ್ತದೆ. 5 ಜಿಬಿಯ ಒಂದೇ ಸಿಎಸ್‌ವಿಯಲ್ಲಿ ಒಂದು ಸಾಲು ತಿದ್ದಿದರೆ ಇನ್ನೊಂದು 5 ಜಿಬಿ ಸೇರುತ್ತದೆ. ದೊಡ್ಡ ಕೋಷ್ಟಕಗಳಿರುವವರು ವರ್ಷವಾರು ಅಥವಾ ತಾಲೂಕುವಾರು ತುಂಡು ಮಾಡಿಡುವುದು ಲಾಭ.

ದೊಡ್ಡ ಫೈಲ್‌ಗಳನ್ನು ಗಿಟ್ ಜೊತೆ ನಿಭಾಯಿಸುವ ಗಿಟ್-ಅನೆಕ್ಸ್ ಮೇಲೆ ಕಟ್ಟಿದ ಡೇಟಾಲ್ಯಾಡ್ ಡಿವಿಸಿಗೆ ನಿಜವಾದ ಪರ್ಯಾಯ. ‘ಡೇಟಾಲ್ಯಾಡ್ ರನ್’ ಎಂದು ಓಡಿಸಿದ ಆಜ್ಞೆ, ಅದು ಓದಿದ ಫೈಲ್, ಬರೆದ ಫೈಲ್ ಎಲ್ಲವೂ ಗಿಟ್‌ನ ಕಮಿಟ್ (ಬದಲಾವಣೆಗಳನ್ನು ಗಿಟ್‌ಗೆ ದಾಖಲಿಸುವ ಹೆಜ್ಜೆ) ಸಂದೇಶದಲ್ಲೇ ದಾಖಲಾಗಿ, ‘ರೀರನ್’ ಎಂದರೆ ಅದೇ ಮತ್ತೆ ಓಡುವ ವ್ಯವಸ್ಥೆ ಇದರ ಸೊಗಸು. ಯಾವ ಪ್ರತಿ ಯಾವ ಡಿಸ್ಕ್‌ನಲ್ಲಿದೆ ಎಂಬುದನ್ನೂ ಅದು ನೆನಪಿಡುತ್ತದೆ, ನಾಲ್ಕು ಹಾರ್ಡ್ ಡಿಸ್ಕ್‌ಗಳು ನಾಲ್ಕು ಮೇಜುಗಳಲ್ಲಿ ಹರಡಿರುವ ಲ್ಯಾಬಿಗೆ ಇದು ವರದಾನ. ಆದರೆ ವಿಂಡೋಸ್‌ನಲ್ಲಿ ಗಿಟ್-ಅನೆಕ್ಸ್ ಅಷ್ಟು ಸರಾಗವಲ್ಲ, ಕಲಿಯುವ ಏರೂ ಕಡಿದು. ಲಿನಕ್ಸ್ ಬಲ್ಲ ಒಬ್ಬರಾದರೂ ಲ್ಯಾಬಿನಲ್ಲಿ ಇದ್ದರೆ ಮಾತ್ರ ಇದನ್ನು ಆರಿಸಿಕೊಳ್ಳಿ.

ಹಂತಗಳ ಅನುಕ್ರಮ

ಚಿತ್ರ ಕತ್ತರಿಸುವುದು, ಗುರುತು ಸೇರಿಸುವುದು, ತರಬೇತಿ, ಮೌಲ್ಯಮಾಪನ, ಗ್ರಾಫ್: ಇಂತಹ ಐದಾರು ಹಂತಗಳಿದ್ದಾಗ ಯಾವುದನ್ನು ಮತ್ತೆ ಓಡಿಸಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ನೆನಪಿನಿಂದ ನಿರ್ಧರಿಸುವುದು ಅಪಾಯ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ‘ಮೇಕ್’ ಇನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅದು ನೋಡುವುದು ಫೈಲ್ ಬದಲಾದ ಸಮಯವನ್ನು. ಹಾರ್ಡ್ ಡಿಸ್ಕ್‌ನಿಂದ ನಕಲಿಸಿದಾಗ ಅಥವಾ ಗಿಟ್‌ನಿಂದ ಇಳಿಸಿಕೊಂಡಾಗ ಸಮಯಗಳೆಲ್ಲ ಕಲಸಿಹೋಗಿ ಬೇಡದ್ದು ಓಡುತ್ತದೆ, ಬೇಕಾದದ್ದು ಓಡುವುದಿಲ್ಲ. ಡಿವಿಸಿಯ ‘ರೆಪ್ರೊ’ ಆಜ್ಞೆ ಸಮಯದ ಬದಲು ಒಳಗಿನ ಎಂಡಿ5 ಗುರುತನ್ನೇ ಹೋಲಿಸುವುದರಿಂದ ಈ ಗೊಂದಲವಿಲ್ಲ. ದತ್ತಾಂಶಕ್ಕಾಗಿ ಡಿವಿಸಿ ಹಾಕಿಕೊಂಡವರು ಹಂತಗಳಿಗೆ ಬೇರೆ ತಂತ್ರಾಂಶ ಹುಡುಕುವ ಅಗತ್ಯವಿಲ್ಲ.

ಆರ್ ಬಳಸುವವರಿಗೆ ‘ಟಾರ್ಗೆಟ್ಸ್’ ಪ್ಯಾಕೇಜ್ ಇದೇ ಕೆಲಸವನ್ನು ಆರ್‌ನೊಳಗೇ ಮಾಡುತ್ತದೆ, ಹೊಸ ಭಾಷೆ ಕಲಿಯಬೇಕಿಲ್ಲ, ವಿಂಡೋಸ್‌ನಲ್ಲಿ ಯಾವ ತಕರಾರೂ ಇಲ್ಲ. ಕೃಷಿ ಸಂಖ್ಯಾಶಾಸ್ತ್ರದವರು ಇದನ್ನು ಇನ್ನೂ ಹೆಚ್ಚು ಬಳಸಬೇಕಿತ್ತು ಎಂಬುದು ನನ್ನ ಅನಿಸಿಕೆ.

ಜೀನೋಮ್ ಸೀಕ್ವೆನ್ಸಿಂಗ್‌ನಂತಹ ಕೆಲಸಕ್ಕೆ, ಅಂದರೆ ನೂರಾರು ಮಾದರಿಗಳ ಮೇಲೆ ಹತ್ತು ಬೇರೆ ಬೇರೆ ತಂತ್ರಾಂಶಗಳು ಸಾಲಾಗಿ ಓಡಬೇಕಾದಲ್ಲಿ, ಸ್ನೇಕ್‌ಮೇಕ್ ಮತ್ತು ನೆಕ್ಸ್ಟ್‌ಫ್ಲೋ ನಡುವೆ ಆಯ್ಕೆ. 2012ರ ಸ್ನೇಕ್‌ಮೇಕ್ ಪೈಥಾನ್‌ಗೆ ಹತ್ತಿರ, ಪ್ರತಿ ಹಂತಕ್ಕೂ ಪ್ರತ್ಯೇಕ ಕಾಂಡಾ ಪರಿಸರ ಕೊಡಬಹುದು. ಕರೆಂಟ್ ಹೋದ ಮೇಲೆ ಅದು ಅರ್ಧಕ್ಕೆ ನಿಂತ ಫೈಲನ್ನು ಪೂರ್ಣವಾದದ್ದೆಂದು ನಂಬುವುದಿಲ್ಲ: ಮೊದಲು ‘ಅನ್‌ಲಾಕ್’ ಕೇಳುತ್ತದೆ, ಆಮೇಲೆ ‘ರೀರನ್ ಇನ್‌ಕಂಪ್ಲೀಟ್’ ಎಂದು ಕೊಟ್ಟರೆ ನಿಂತ ಹಂತದಿಂದಲೇ ಹಿಡಿಯುತ್ತದೆ. ಕಿರಿಕಿರಿ ಎನಿಸುವ ಈ ಎರಡು ಆಜ್ಞೆಗಳೇ, ಅರೆಬರೆ ಫೈಲ್ ಮುಂದಿನ ಹಂತಕ್ಕೆ ಹೋಗಿ ತಪ್ಪು ಫಲಿತಾಂಶ ಬರುವುದನ್ನು ತಡೆಯುತ್ತವೆ. ನೆಕ್ಸ್ಟ್‌ಫ್ಲೋದಲ್ಲೂ ‘ರೆಸ್ಯೂಮ್’ ಇದೆ, ಆದರೆ ಅದಕ್ಕೆ ಜಾವಾ ಬೇಕು, ಬರೆಯುವುದು ಗ್ರೂವಿ ಆಧಾರಿತ ಭಾಷೆಯಲ್ಲಿ, ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಇಲ್ಲದೆ ಆಗದು, ಅದರ ‘ವರ್ಕ್’ ಫೋಲ್ಡರ್ ನೋಡನೋಡುತ್ತ ಉಬ್ಬುತ್ತದೆ. ಅದರ ದೊಡ್ಡ ಬಲ ಎನ್‌ಎಫ್-ಕೋರ್ ಸಮುದಾಯ ಕಟ್ಟಿಟ್ಟಿರುವ ಸಿದ್ಧ ಪೈಪ್‌ಲೈನ್‌ಗಳು (ಹಂತಗಳ ಸರಪಳಿಗಳು). ನಿಮ್ಮ ವಿಶ್ಲೇಷಣೆ ಅವುಗಳಲ್ಲೊಂದಾದರೆ ಕಣ್ಣುಮುಚ್ಚಿ ನೆಕ್ಸ್ಟ್‌ಫ್ಲೋ ಹಿಡಿಯಿರಿ. ಸ್ವಂತವಾಗಿ ಬರೆಯುವುದಾದರೆ ಸ್ನೇಕ್‌ಮೇಕ್.

ಓಟಗಳ ದಾಖಲೆ

ಲರ್ನಿಂಗ್ ರೇಟ್ ಬದಲಿಸಿ, ಬ್ಯಾಚ್ ಗಾತ್ರ ಬದಲಿಸಿ, ಮತ್ತೆ ಮತ್ತೆ ಓಡಿಸುವ ಆಳಕಲಿಕೆಯ ಕೆಲಸದಲ್ಲಿ ಐದನೆಯ ಸಂಗತಿಯೇ ಮೊದಲು ಕೈಕೊಡುತ್ತದೆ. ಥೀಸಿಸ್‌ನ ಕೋಷ್ಟಕದಲ್ಲಿ ಬರೆದ ಶೇ. 94.2 ನಿಖರತೆ ಯಾವ ಓಟದ್ದು ಎಂದು ವೈವಾದಲ್ಲಿ ಕೇಳಿದರೆ ಎಕ್ಸೆಲ್ ಹಾಳೆ ಸಾಲದು.

ಎಂಎಲ್‌ಫ್ಲೋವನ್ನು 2018ರಲ್ಲಿ ಡೇಟಾಬ್ರಿಕ್ಸ್ ಬಿಡುಗಡೆ ಮಾಡಿತು, ಮುಕ್ತ ತಂತ್ರಾಂಶ. ಕೋಡ್‌ಗೆ ಮೂರು ನಾಲ್ಕು ಸಾಲು ಸೇರಿಸಿದರೆ ಪ್ರತಿ ಓಟದ ನಿಯತಾಂಕ, ನಿಖರತೆ, ಗ್ರಾಫ್, ಮಾದರಿಯ ಫೈಲ್ ಎಲ್ಲವೂ ನಿಮ್ಮ ಯಂತ್ರದ ಒಂದು ಫೋಲ್ಡರ್‌ನಲ್ಲೋ ಎಸ್‌ಕ್ಯೂಲೈಟ್ ಫೈಲ್‌ನಲ್ಲೋ ಸೇರುತ್ತವೆ, ಬ್ರೌಸರ್‌ನಲ್ಲಿ ಕೋಷ್ಟಕವಾಗಿ ಕಾಣುತ್ತವೆ. ಕೋಡ್ ಗಿಟ್‌ನಲ್ಲಿದ್ದು ಸ್ಕ್ರಿಪ್ಟ್ ಆಗಿ ಓಡಿಸಿದರೆ ಯಾವ ಕಮಿಟ್‌ನಿಂದ ಓಡಿತೆಂದು ಅದು ತಾನೇ ಬರೆದುಕೊಳ್ಳುತ್ತದೆ. ಕಮಿಟ್ ಮಾಡದೆ ಉಳಿದ ತಿದ್ದುಪಡಿ ಆ ಗುರುತಿನಲ್ಲಿ ಇರುವುದಿಲ್ಲ. ಆದ್ದರಿಂದ ಓಡಿಸುವ ಮೊದಲು ಕಮಿಟ್ ಮಾಡುವುದನ್ನು ರೂಢಿಸಿಕೊಳ್ಳಲೇಬೇಕು. ಕರೆಂಟ್ ಹೋಗಿ ನಿಂತ ಓಟ ಅದರ ಪಟ್ಟಿಯಲ್ಲಿ ‘ಓಡುತ್ತಿದೆ’ ಎಂದೇ ಉಳಿಯುತ್ತದೆ, ಅದನ್ನು ಕೈಯಾರೆ ಅಳಿಸಬೇಕು. ಅರ್ಧದಿಂದ ಮುಂದುವರಿಸಲು ಬೇಕಾದ ಚೆಕ್‌ಪಾಯಿಂಟ್ (ಆವರೆಗಿನ ಸ್ಥಿತಿಯ ಪ್ರತಿ) ಉಳಿಸುವುದು ನಿಮ್ಮ ಕೋಡ್‌ನ ಜವಾಬ್ದಾರಿ, ಯಾವ ದಾಖಲೆ ತಂತ್ರಾಂಶವೂ ಅದನ್ನು ಹೊರುವುದಿಲ್ಲ.

ಇದೇ ಕೆಲಸ ಮಾಡುವ ವೇಟ್ಸ್ ಅಂಡ್ ಬಯಸಸ್ ನೋಡಲು ಎಂಎಲ್‌ಫ್ಲೋಗಿಂತ ಚೆಂದ, ಗ್ರಾಫ್‌ಗಳನ್ನು ಗೈಡ್‌ಗೆ ಲಿಂಕ್ ಕಳಿಸಿ ತೋರಿಸಬಹುದು, ಶೈಕ್ಷಣಿಕ ಬಳಕೆಗೆ ಉಚಿತ ಖಾತೆ ಇದೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕುಳಿತ ಸಹ-ಗೈಡ್ ಇದ್ದರೆ ಇದೇ ಅನುಕೂಲ. ಇಂಟರ್ನೆಟ್ ಇಲ್ಲದಾಗ ಆಫ್‌ಲೈನ್ ಮೋಡ್‌ನಲ್ಲಿ ಓಡಿಸಿ ಆಮೇಲೆ ‘ಸಿಂಕ್’ ಮಾಡಬಹುದು, ಆದರೆ ಹೋಲಿಸಿ ನೋಡುವ ಸುಖ ಸಿಗುವುದು ಸಿಂಕ್ ಆದ ಮೇಲೆಯೇ. ದಾಖಲೆಗಳು ಹೊರಗಿನ ಕಂಪನಿಯ ಸರ್ವರ್‌ಗೆ ಹೋಗುತ್ತವೆ ಎಂಬುದನ್ನು ಮರೆಯಬಾರದು. ಅನುದಾನ ಕೊಟ್ಟವರ ನಿಬಂಧನೆ ಓದದೆ ರೈತರ ಜಮೀನಿನ ವಿವರಗಳಿರುವ ಯೋಜನೆಗೆ ಇದನ್ನು ಹಾಕುವುದು ಬೇಡ. ನನ್ನ ಆರನೆಯ ಅಳತೆಯಲ್ಲೂ ಇದು ಎಂಎಲ್‌ಫ್ಲೋಗಿಂತ ಹಿಂದೆ.

ಸ್ಯಾಕ್ರೆಡ್ ಎಂಬ ಮೂರನೆಯದೊಂದಿದೆ. ಓಡಿದ ಕೋಡ್ ಫೈಲ್‌ಗಳ ಪ್ರತಿಯನ್ನೇ ಅದು ಓಟದ ಜೊತೆ ಇಟ್ಟುಕೊಳ್ಳುತ್ತದೆ, ಸೀಡನ್ನು ತಾನೇ ಕೊಟ್ಟು ದಾಖಲಿಸುತ್ತದೆ. ಶಿಸ್ತಿನ ದೃಷ್ಟಿಯಿಂದ ಮೂರರಲ್ಲಿ ಇದೇ ಕಟ್ಟುನಿಟ್ಟು. ಪೂರ್ತಿ ಬಳಸಲು ಮಾಂಗೋಡಿಬಿ ಎಂಬ ಡೇಟಾಬೇಸ್ ಬೇಕು, ಅದನ್ನು ನೋಡಿಕೊಳ್ಳುವವರು ಬೇಕು. ಫೈಲ್‌ಗಳಲ್ಲೇ ಬರೆದಿಡುವ ದಾರಿಯೂ ಉಂಟು. ಈಗ ಹೊಸದಾಗಿ ಆರಂಭಿಸುವವರಿಗೆ ನಾನು ಎಂಎಲ್‌ಫ್ಲೋವನ್ನೇ ಹೇಳುತ್ತೇನೆ, ಕಾರಣ ಸರಳ: ಸಿಕ್ಕಿಹಾಕಿಕೊಂಡಾಗ ಪಕ್ಕದ ಕಾಲೇಜಿನಲ್ಲಿ ಅದನ್ನು ಬಲ್ಲವರು ಸಿಗುತ್ತಾರೆ.

ಸೀಡ್ ಕೊಟ್ಟರೂ ಜಿಪಿಯು ಮೇಲೆ ಸಂಖ್ಯೆಗಳನ್ನು ಕೂಡುವ ಕ್ರಮ ಓಟದಿಂದ ಓಟಕ್ಕೆ ಬದಲಾಗುವುದರಿಂದ ಕೊನೆಯ ದಶಮಾಂಶಗಳು ಹೊಯ್ದಾಡುತ್ತವೆ. ಪೈಟಾರ್ಚ್‌ನಲ್ಲಿ ನಿರ್ಧಾರಿತ ಅಲ್ಗಾರಿದಂಗಳನ್ನಷ್ಟೇ ಬಳಸು ಎಂದು ಆಜ್ಞೆ ಕೊಡಬಹುದು, ವೇಗ ಕಡಿಮೆಯಾಗುತ್ತದೆ. ಎಷ್ಟು ವ್ಯತ್ಯಾಸವನ್ನು ‘ಅದೇ ಫಲಿತಾಂಶ’ ಎಂದು ಒಪ್ಪುತ್ತೀರೆಂದು ಮೊದಲೇ ಬರೆದಿಟ್ಟುಕೊಂಡು, ಹಲವು ಸೀಡ್‌ಗಳ ಸರಾಸರಿಯನ್ನು ಥೀಸಿಸ್‌ನಲ್ಲಿ ಕೊಡುವುದು ಇದಕ್ಕಿಂತ ಪ್ರಾಮಾಣಿಕ. ಗೂಗಲ್‌ನ ಯಂತ್ರದಲ್ಲಿ ನೋಟ್‌ಬುಕ್ ಓಡಿಸುವ ಕೊಲ್ಯಾಬ್ ಬಳಸುವವರು, ಅಲ್ಲಿನ ಲೈಬ್ರರಿಗಳನ್ನು ಗೂಗಲ್ ಕಾಲಕಾಲಕ್ಕೆ ಬದಲಿಸುತ್ತಿರುತ್ತದೆ ಎಂಬುದನ್ನು ಗಮನಿಸಿ ಪ್ರತಿ ನೋಟ್‌ಬುಕ್‌ನ ಕೊನೆಯಲ್ಲಿ ಪಿಪ್ ಫ್ರೀಜ್‌ನ ಪಟ್ಟಿಯನ್ನು ಉಳಿಸಬೇಕು.

ಯಾರಿಗೆ ಯಾವುದು

ಬಿ.ಇ. ಕೊನೆಯ ವರ್ಷದ ನಾಲ್ಕು ಜನರ ತಂಡಕ್ಕೆ ಗಿಟ್, ಪಿಪ್ ಫ್ರೀಜ್, ಎಂಎಲ್‌ಫ್ಲೋ ಸಾಕು. ಖರ್ಚು ಶೂನ್ಯ, ಕಲಿಕೆ ಒಂದು ವಾರ. ಆರ್‌ನಲ್ಲಿ ಕ್ಷೇತ್ರ ಪ್ರಯೋಗದ ವಿಶ್ಲೇಷಣೆ ಮಾಡುವ ಪಿಎಚ್‌.ಡಿ. ವಿದ್ಯಾರ್ಥಿಗೆ ಗಿಟ್, ಆರ್‌ಎನ್ವ್, ಟಾರ್ಗೆಟ್ಸ್. ಡಿವಿಸಿಯ ಹೆಸರು ಕೇಳಿ ಆತಂಕಪಡಬೇಕಿಲ್ಲ. ಚಿತ್ರಗಳ ಮೇಲೆ ಕೆಲಸ ಮಾಡುವ, ವರ್ಷಗಟ್ಟಲೆ ನಡೆಯುವ, ವಿದ್ಯಾರ್ಥಿಗಳು ಬದಲಾಗುತ್ತಿರುವ ಲ್ಯಾಬಿಗೆ ಡಿವಿಸಿ ಮತ್ತು ಎರಡು ಹಾರ್ಡ್ ಡಿಸ್ಕ್‌ಗಳು, ಒಂದು ಲ್ಯಾಬಿನಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ; ಜೊತೆಗೆ ಎಂಎಲ್‌ಫ್ಲೋ. ಇಲ್ಲಿ ಹಣ ಖರ್ಚಾಗುವುದಾದರೆ ಮೊದಲು ಆ ಎರಡನೆಯ ಡಿಸ್ಕ್‌ಗೆ ಆಗಲಿ, ಆಮೇಲೆ ಯುಪಿಎಸ್‌ಗೆ, ಜಿಪಿಯುಗೆ ಕೊನೆಗೆ. ಈ ಅನುಕ್ರಮವನ್ನು ಅನುದಾನದ ಅರ್ಜಿಯಲ್ಲಿ ಬರೆಯುವುದು ಕಷ್ಟ, ಯಾರಿಗೂ ಹಾರ್ಡ್ ಡಿಸ್ಕ್ ಆಕರ್ಷಕವಾಗಿ ಕಾಣುವುದಿಲ್ಲ. ಡಾಕರ್ ಅಥವಾ ಆಪ್‌ಟೇನರ್ ಇಮೇಜನ್ನು, ಪ್ರಬಂಧವನ್ನು ಪತ್ರಿಕೆಗೆ ಕಳಿಸುವ ಹೊತ್ತಿಗೆ, ಒಮ್ಮೆ ಕಟ್ಟಿ ಉಳಿಸಿದರೆ ಸಾಕು.

ಆಯ್ಕೆ ಸರಿಯಾಯಿತೇ ಎಂದು ತಿಳಿಯಲು ಥೀಸಿಸ್ ಮುಗಿಯುವವರೆಗೆ ಕಾಯಬೇಕಿಲ್ಲ. ಮೊದಲ ತಿಂಗಳಲ್ಲೇ ಒಂದು ಸಣ್ಣ ಫಲಿತಾಂಶವನ್ನು ಪಕ್ಕದ ವಿಭಾಗದವರ ಯಂತ್ರದಲ್ಲಿ, ನೀವು ಕೀಬೋರ್ಡ್ ಮುಟ್ಟದೆ, ಬರೆದಿಟ್ಟ ಸೂಚನೆಯಿಂದ ಮಾತ್ರ ಅವರೇ ಪಡೆಯುವಂತೆ ಮಾಡಿ ನೋಡಿ. ಅವರು ನಿಮ್ಮನ್ನು ಏನು ಕೇಳಿದರೋ ಅದು ಯಾವ ತಂತ್ರಾಂಶ ಇನ್ನೂ ಬೇಕೆಂದು ಹೇಳುತ್ತದೆ.

ಕೊನೆಗೆ ದತ್ತಾಂಶವನ್ನು ಪ್ರಕಟಿಸುವಾಗ ಯುರೋಪಿನ ಭೌತವಿಜ್ಞಾನ ಸಂಸ್ಥೆ ಸೆರ್ನ್ ನಡೆಸುವ ಸಂಗ್ರಹ ತಾಣ ಜೆನೊಡೊ ಉಚಿತವಾಗಿ ಡಿಒಐ (ಶಾಶ್ವತ ಗುರುತು ಸಂಖ್ಯೆ) ಕೊಡುತ್ತದೆ, ಒಂದು ದಾಖಲೆಗೆ 50 ಜಿಬಿವರೆಗೆ ಹಾಕಬಹುದು. ಪ್ರಕಟವಾದ ಫೈಲನ್ನು ಆಮೇಲೆ ಸುಮ್ಮನೆ ಬದಲಿಸಲು ಬರುವುದಿಲ್ಲ, ಹೊಸ ಆವೃತ್ತಿಯನ್ನೇ ಸೇರಿಸಬೇಕು, ಹಳೆಯದು ಅಲ್ಲೇ ಉಳಿಯುತ್ತದೆ. ಹಾಗಾಗಿ ಏರಿಸುವ ಮೊದಲು ರೈತರ ಹೆಸರು, ಸರ್ವೆ ನಂಬರ್ ಇರುವ ಕಾಲಂಗಳನ್ನು ತೆಗೆಯಿರಿ. ಮೊಬೈಲ್‌ನಲ್ಲಿ ತೆಗೆದ ಪ್ರತಿ ಚಿತ್ರದೊಳಗೂ ಗದ್ದೆಯ ಅಕ್ಷಾಂಶ ರೇಖಾಂಶಗಳು ಸೇರಿರಬಹುದು. ಅವನ್ನು ತೆಗೆಯುವುದೂ ಪೈಪ್‌ಲೈನ್‌ನ ಒಂದು ಹಂತವಾಗಿ ಕೋಡ್‌ನಲ್ಲೇ ಇರಲಿ, ಕೈಯಿಂದ ಮಾಡುವ ಕೆಲಸವಾಗುವುದು ಬೇಡ.